ಎಡಗಡೆಯ ಬ್ರೇಕು

ನಮ್ಮ ಮನೆಯ ಚಾವಡಿಯಲ್ಲಿ ನಾನು ಕೂರುವ ಕುರ್ಚಿಯ ಎದುರು ಒಂದು ಚಾಪೆ ಇದೆ. ಪ್ಲಾಸ್ಟಿಕ್ಕಿನದು, ನೀಲಿ ಬಣ್ಣದ್ದು, ಕುಂದಾಪುರದ ಸಂತೆಯಲ್ಲಿ ನನ್ನ ಹೆಂಡತಿ ಸುಮತಿ ಗಂಟೆಗಟ್ಟಲೆ ಚೌಕಾಸಿ ಮಾಡಿ ತಂದದ್ದು. ಅದರ ಮೂರು ಮೂಲೆ ಇನ್ನೂ ಹೊಸದರಂತಿವೆ. ನಾಲ್ಕನೆಯದು, ಅಂದರೆ ನನ್ನ ಬಲಗಾಲು ಊರುವ ಜಾಗ, ಸವೆದು ತೂತಾಗಿದೆ. ಮೊನ್ನೆ ಗುಡಿಸುವಾಗ ಸುಮತಿ ಆ ತೂತಿಗೆ ಬೆರಳು ತೂರಿಸಿ ನನಗೆ ತೋರಿಸಿದಳು.

“ಇದ್ ಎಷ್ಟನೇ ಚಾಪೆ ಅಂದೇಳಿ ಗೊತ್ತಿತ್ತಾ ನಿಮ್ಗೆ? ಟಿವಿ ಒಳ್ಗಿನ್ ಬಸ್ಸಿಗೂ ನೀವೇ ಬ್ರೇಕ್ ಹಾಕ್ಕಾ?”

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಧಾರಾವಾಹಿಯಲ್ಲಿ ಯಾವಳೋ ಅಳುತ್ತಾ ರಸ್ತೆ ದಾಟಿದರೆ ನನಗೆ ಅವಳ ಅಳು ಕಾಣುವುದಿಲ್ಲ, ಆಚೆಯಿಂದ ಬರುವ ಲಾರಿ ಕಾಣುತ್ತದೆ. ಕಾಲು ತನ್ನಷ್ಟಕ್ಕೇ ಚಾಪೆಯನ್ನು ಒತ್ತುತ್ತದೆ. ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿತೆಂದರೆ ಬೈಂದೂರು ಮುಟ್ಟುವಷ್ಟರಲ್ಲಿ ನನ್ನ ಮೀನಖಂಡ ಕಲ್ಲಾಗಿರುತ್ತದೆ, ಡ್ರೈವರ್ ಮಾತ್ರ ಆರಾಮಾಗಿ ಎಲೆಯಡಿಕೆ ಜಗಿಯುತ್ತಿರುತ್ತಾನೆ. ಹಲ್ಲಿನ ಡಾಕ್ಟರು ಯಂತ್ರ ಹಿಡಿದು ಬಾಯಿಯ ಹತ್ತಿರ ಬಂದಾಗ ನಾನು ಅವರ ಕುರ್ಚಿಯ ತುದಿಯನ್ನು ತುಳಿದ ರಭಸಕ್ಕೆ ಅದರ ಒಂದು ತಿರುಪು ಕಳಚಿ ಬಿತ್ತು. ಮಗಳ ಮದುವೆಯಲ್ಲಿ ಧಾರೆಯ ಹೊತ್ತಿಗೂ ನನ್ನ ಕಾಲು ಒತ್ತುತ್ತಿತ್ತಂತೆ. ಯಾವುದನ್ನು ನಿಲ್ಲಿಸಲು ಹೊರಟಿದ್ದೆನೋ ಗೊತ್ತಿಲ್ಲ, ಬೀಗರು ಮಾತ್ರ ಅದನ್ನು ಇವತ್ತಿಗೂ ಎತ್ತಿ ಆಡುತ್ತಾರೆ.

ನೀವು ಎಂದಾದರೂ ಕಾರು ಕಲಿತಿದ್ದರೆ ನಿಮಗೆ ಗೊತ್ತಿರುತ್ತದೆ. ಕಲಿಸುವ ಕಾರಿನಲ್ಲಿ ಎಡಗಡೆಯ ಸೀಟಿನ ಕಾಲ ಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಅದು ಮಾಷ್ಟ್ರ ಜಾಗ. ಇಪ್ಪತ್ತೆರಡು ವರ್ಷ ನಾನು ಆ ಜಾಗದಲ್ಲಿ ಕೂತಿದ್ದೇನೆ. ಡ್ರೈವಿಂಗ್ ಸ್ಕೂಲಿನ ಕೆಲಸ ಬಿಟ್ಟ ಮೇಲೂ ಸುಮ್ಮನಿರಲಾಗಲಿಲ್ಲ. ಮನೆಯಲ್ಲಿ ಅತ್ತಿಂದಿತ್ತ ಓಡಾಡಿ, ಸರಿಯಿದ್ದ ಗೇಟನ್ನು ಬಿಚ್ಚಿ ರಿಪೇರಿ ಮಾಡಿ ಕೆಡಿಸಿ, ಸುಮತಿಯ ತಲೆ ತಿಂದು, ಕೊನೆಗೆ ಅವಳೇ ನನ್ನನ್ನು ಕುಂದಾಪುರದ ಒಂದು ತರಬೇತಿ ಕೇಂದ್ರಕ್ಕೆ ಅಟ್ಟಿದಳು. ಹಳೆಯ ಹಂಚಿನ ಗೋದಾಮಿನ ಮೇಲಂತಸ್ತಿನಲ್ಲಿ ನಡೆಯುವ ಕೇಂದ್ರ ಅದು. ಶಾಲೆ ಕಾಣದ, ಕಂಡರೂ ಬೇಗ ಬಿಟ್ಟ ದೊಡ್ಡವರಿಗೆ ಅಲ್ಲಿ ಪುಕ್ಕಟೆಯಾಗಿ ಕೆಲಸ ಕಲಿಸುತ್ತಾರೆ. ಬೆಳಿಗ್ಗೆ ಒಂದು ಗಂಟೆ ಎಲ್ಲರಿಗೂ ಓದು-ಬರಹ, ಆಮೇಲೆ ಹೊಲಿಗೆ, ಮೊಬೈಲ್ ರಿಪೇರಿ, ಡ್ರೈವಿಂಗು.

ಡ್ರೈವಿಂಗ್ ಸ್ಕೂಲಿಗೆ ಬರುತ್ತಿದ್ದವರೆಲ್ಲ ಅಪ್ಪನ ಕಾರಿದ್ದವರು. ಇಲ್ಲಿಗೆ ಬರುವವರು ಬೇರೆ. ಗೇರುಬೀಜದ ಕಾರ್ಖಾನೆಯ ಹೆಂಗಸರು, ಬಂದರಿನಲ್ಲಿ ದುಡಿಯಲು ಬಂದ ಒಡಿಶಾದವರು, ಕೆಂಪುಕಲ್ಲು ಅಗೆಯುವ ಕೋರೆಗೆಂದು ಬಾಗಲಕೋಟೆ ಕಡೆಯಿಂದ ಬಂದು ಇಲ್ಲೇ ಗುಡಿಸಲು ಹಾಕಿದವರು. ಒಬ್ಬೊಬ್ಬರೂ ತಮ್ಮ ಹಳೆಯ ಕಸುಬನ್ನು ಹೊತ್ತುಕೊಂಡೇ ಸ್ಟೇರಿಂಗಿನ ಮುಂದೆ ಕೂರುತ್ತಾರೆ. ಬ್ರಹ್ಮಾವರದ ಕಡೆಯ ಒಬ್ಬರು ಮುಂಬೈ ಹೋಟೆಲಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿ ಬಂದವರು. ತಿರುಗುವಾಗ ಇಂಡಿಕೇಟರ್ ಹಾಕದೆ ಬಾಯಲ್ಲಿ “ಸೈಡ್, ಸೈಡ್” ಎನ್ನುತ್ತಿದ್ದರು, ಬಿಸಿ ಸಾಂಬಾರಿನ ಪಾತ್ರೆ ಹಿಡಿದು ಅಡುಗೆಮನೆಯಿಂದ ಹೊರಗೆ ಬರುವವರ ಹಾಗೆ. ಕೋರೆಯಲ್ಲಿ ಕಲ್ಲು ಎತ್ತುವ ಹನುಮವ್ವ ಮೊದಲ ದಿನ ಗೇರು ಹಾಕಿದ ಬಿರುಸಿಗೆ ಅದರ ಗುಂಡು ಕಿತ್ತು ಅವಳ ಕೈಗೇ ಬಂತು. “ಇದನ್ನ ಎಲ್ಲಿ ಇಡ್ಲಿ ಸರ?” ಎಂದು ಕೇಳಿದಳು.

ಆ ಕಾಲದಲ್ಲಿ ನನಗೆ ಒಂದು ಜಂಬವಿತ್ತು. ಈಗ ಹೇಳಲು ನಾಚಿಕೆ, ಆದರೂ ಹೇಳಿಬಿಡುತ್ತೇನೆ. ನನ್ನ ಕೈಯಲ್ಲಿ ಕಲಿತವರು ಲೈಸೆನ್ಸಿನ ಪರೀಕ್ಷೆಯಲ್ಲಿ ಫೇಲಾಗುತ್ತಿರಲಿಲ್ಲ. ಪರೀಕ್ಷೆಗೆ ನಮ್ಮದೇ ಕಾರು. ಅಧಿಕಾರಿ ಹಿಂದಿನ ಸೀಟಿನಲ್ಲಿ, ನಾನು ಮುಂದೆ ಎಡಕ್ಕೆ. ಕಲಿತವನು ಗಾಬರಿಯಲ್ಲಿ ಬ್ರೇಕು ಮರೆತರೆ ನನ್ನ ಬಲಗಾಲು ಮರೆಯುತ್ತಿರಲಿಲ್ಲ. ಮುಖವನ್ನು ಕಿಟಕಿಯ ಹೊರಗೆ ಮಾಡಿ, ತೆಂಗಿನ ಮರ ನೋಡುವವನಂತೆ, ಪಾದದಲ್ಲಿ ಮೆತ್ತಗೆ ಒತ್ತಿದರೆ ಮುಗಿಯಿತು. ಊರವರು ನನ್ನನ್ನು ಕೈಗುಣದ ಮಾಷ್ಟ್ರು ಎನ್ನುತ್ತಿದ್ದರು. ಗುಣವಿದ್ದದ್ದು ಕಾಲಿಗೆ.

ಆದರೆ ಪೇಪರು ಬಂದ ಕೂಡಲೇ ನಾನು ಮೊದಲು ತೆರೆಯುವುದು ಒಳಪುಟದ ಅಪಘಾತದ ಸುದ್ದಿಯನ್ನು. ಊರು ನೋಡುತ್ತೇನೆ, ಆಮೇಲೆ ಹೆಸರು ನೋಡುತ್ತೇನೆ. ಸುಮತಿಗೆ ಇದು ಗೊತ್ತಿಲ್ಲ, ನಾನು ಅಡಿಕೆ ಧಾರಣೆ ನೋಡುತ್ತೇನೆಂದು ಅವಳ ನಂಬಿಕೆ. ಮನೆಯಲ್ಲಿ ಒಂದು ಅಡಿಕೆ ಮರವೂ ಇಲ್ಲದವನಿಗೆ ಧಾರಣೆ ಯಾಕೆಂದು ಅವಳು ಇದುವರೆಗೆ ಕೇಳಿಲ್ಲ. ನನ್ನ ಕಾಲು ಪಾಸು ಮಾಡಿಸಿದವರು ಈಗ ಒಬ್ಬೊಬ್ಬರೇ ರಸ್ತೆಯಲ್ಲಿದ್ದಾರೆ, ಪಕ್ಕದಲ್ಲಿ ನಾನಿಲ್ಲ. ಈ ಯೋಚನೆ ಬಂದರೆ ಕೂತಲ್ಲಿ ಕೂರಲಾಗುವುದಿಲ್ಲ, ಕಾಫಿ ತಣ್ಣಗಾಗುತ್ತದೆ, ಚಾಪೆ ಸವೆಯುತ್ತದೆ.

ಗಿರಿಜಾ ಬಂದದ್ದು ಇಂಥ ಕೈಗುಣದ ಮಾಷ್ಟ್ರ ಹತ್ತಿರ.

ಅವಳು ಮರವಂತೆಯ ಹೊಳೆ ಬದಿಯವಳು, ನಲವತ್ತೈದರ ಆಸುಪಾಸು. ಗಂಡ ರಾಘವ ಹೊಳೆಯಲ್ಲಿ ಬಲೆ ಬೀಸುವಾಗ ದೋಣಿ ನಡೆಸುತ್ತಿದ್ದದ್ದು ಅವಳೇ. ಗಂಡನ ಬಲಗೈ ಸೋತು ಬಲೆ ಬೀಸಲು ಬಾರದಾದ ಮೇಲೆ ದೋಣಿ ದಡದಲ್ಲಿ ಕವುಚಿಬಿತ್ತು, ಅವಳು ಮೀನಿನ ಬುಟ್ಟಿ ಹೊತ್ತಳು. ದಿನಾ ಹಾಲಾಡಿ ಪೇಟೆಗೆ ಹೋಗಬೇಕು. ಬುಟ್ಟಿ ಕಂಡರೆ ಬಸ್ಸಿನವರು ಬಾಗಿಲಲ್ಲೇ ಮುಖ ಸಿಂಡರಿಸುತ್ತಾರೆ. ಬಾಡಿಗೆ ಗಾಡಿಯವನು ಬೇಕಾದ ದಿನ ಫೋನು ಎತ್ತುವುದಿಲ್ಲ, ಮೀನು ಬಿಸಿಲಿಗೆ ಹಾಳಾಗುತ್ತದೆ. ತ್ರಾಸಿ-ಮರವಂತೆಯ ಐದು ಜನ ಮೀನು ಮಾರುವ ಹೆಂಗಸರು ಸೇರಿ ಒಂದು ಸಣ್ಣ ಗೂಡ್ಸ್ ಗಾಡಿ ತೆಗೆದುಕೊಳ್ಳುವುದೆಂದು ಮಾತಾಡಿಕೊಂಡಿದ್ದರು. ಓಡಿಸುವವಳು ಗಿರಿಜಾ. ಮಳೆಗಾಲ ಮುಗಿದು ಕಡಲಿಗೆ ದೋಣಿ ಇಳಿಯುವುದರೊಳಗೆ ಅವಳಿಗೆ ಲೈಸೆನ್ಸು ಸಿಗದಿದ್ದರೆ ಗಂಡಸು ಡ್ರೈವರನ್ನು ಇಡುವುದು ಎಂದೂ ತೀರ್ಮಾನವಾಗಿತ್ತು.

“ಡ್ರೈವರನ್ ಇಟ್ರೆ ಎಂತಾತ್ತ್?” ಎಂದು ನಾನು ಕೇಳಿದ್ದೆ.

“ಮತ್ತೆ ಅದೇ ಆತ್ತ್. ಅವ ಎದ್ದಾಗ ನಮ್ಗ್ ಬೆಳಗಾಪ್ದ್” ಎಂದಳು.

ಕಲಿಯುವುದರಲ್ಲಿ ಅವಳು ಚುರುಕು. ಸ್ಟೇರಿಂಗು ಮಾತ್ರ ಮೊದಲ ವಾರ ಉಲ್ಟಾ. ದೋಣಿಯ ಹಿಂದೆ ಇಂಜಿನ್ನಿನ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದಲ್ಲ, ಆ ಲೆಕ್ಕದಲ್ಲಿ ನಮ್ಮನ್ನು ಎರಡು ಸಲ ಗದ್ದೆಯ ಅಂಚಿಗೆ ಒಯ್ದಳು. ಅದು ಸರಿಹೋಯಿತು. ಸರಿಹೋಗದ ಚಾಳಿ ಇನ್ನೊಂದಿತ್ತು. ನಿಲ್ಲಿಸು ಎಂದರೆ ಅವಳು ಬ್ರೇಕು ಹಾಕುತ್ತಿರಲಿಲ್ಲ. ಮೂವತ್ತು ಮಾರು ದೂರದಲ್ಲೇ ಕೀಲಿಕೈ ತಿರುಗಿಸಿ ಇಂಜಿನ್ನು ಬಂದ್ ಮಾಡಿ, ಕೈ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಕಾರು ಸದ್ದಿಲ್ಲದೆ ತೇಲುತ್ತಾ ಹೋಗುತ್ತಿತ್ತು. ನನ್ನ ಕಾಲು ಎಡಗಡೆಯ ಬ್ರೇಕನ್ನು ಜಜ್ಜುತ್ತಿತ್ತು.

“ಇಂಜಿನ್ ಎಂತಕೆ ಆಫ್ ಮಾಡ್ತೆ ಮಾರಾಯ್ತಿ?” ಎಂದು ಕೂಗಿದೆ.

“ದಡ ಬಂತಲ್ದಾ ಮಾಷ್ಟ್ರೆ.”

“ಬ್ರೇಕ್ ಇರುದ್ ಎಂತಕೆ ಹಂಗಾರೆ?”

“ನೀರಂಗೆ ಬ್ರೇಕ್ ಇಲ್ಲೆ. ಅದ್ಕೇ ದೂರ್ದಂಗೇ ಕಾಣ್ಕ್. ಹತ್ರ ಬಂದ್ಮೇಲೆ ಕಂಡ್ರೆ ಎಂತ ಬಂತ್?”

ಹಿಂದಿನ ಸೀಟಿನಲ್ಲಿ ತನ್ನ ಸರದಿ ಕಾಯುತ್ತಿದ್ದ ಹನುಮವ್ವ ನಕ್ಕಳು. ನನಗೆ ನಗು ಬರಲಿಲ್ಲ. ಯಾಕೆಂದರೆ ದಡ ದೂರವಿರುವಾಗಲೇ ನೋಡಿ ಕೈಬಿಡುವ ಈ ರೀತಿಯನ್ನು ನಾನು ಮೊದಲೇ ಕಂಡಿದ್ದೆ.

ನಾನು ಸಣ್ಣವನಿದ್ದಾಗ ಅಜ್ಜಿಮನೆಗೆ ಹೋಗಬೇಕಾದರೆ ಕಡವಿನಲ್ಲಿ ದೋಣಿ ಹತ್ತಿ ಹೊಳೆ ದಾಟಬೇಕಿತ್ತು. ದೋಣಿಯ ಕುಷ್ಟಣ್ಣ ಎಂಬವರು ಬಿದಿರಿನ ಗಳ ಊರುತ್ತಾ ನಮ್ಮನ್ನು ದಾಟಿಸುತ್ತಿದ್ದರು. ದೋಣಿಯೊಳಗೆ ಯಾವಾಗಲೂ ಒಂದು ಬೊಗಸೆ ನೀರು, ಅದರಲ್ಲಿ ತೇಲುವ ಬೀಡಿಯ ತುಂಡು, ಅಮ್ಮನ ಕೈಚೀಲದಲ್ಲಿ ಅಜ್ಜಿಗೆಂದು ಒಯ್ಯುವ ಹಲಸಿನ ಹಪ್ಪಳದ ಕಟ್ಟು. ಆಚೆ ದಡ ಇನ್ನೂ ದೂರವಿರುವಾಗಲೇ ಕುಷ್ಟಣ್ಣ ಗಳ ಎತ್ತಿ ಅಡ್ಡ ಇಟ್ಟು, ಸೊಂಟದಿಂದ ಎಲೆಯಡಿಕೆ ಬಿಚ್ಚಿ, ಸುಣ್ಣ ಹಚ್ಚಲು ಶುರುಮಾಡುತ್ತಿದ್ದರು. ನನಗೆ ಗಾಬರಿ. ದಡ ನಮ್ಮ ಮೇಲೆ ಬರುತ್ತಿದೆ, ಈ ಮನುಷ್ಯ ಸುಣ್ಣ ಹಚ್ಚುತ್ತಿದ್ದಾನೆ. ನಾನು ಒದ್ದೆ ಹಲಗೆಯ ಮೇಲೆ ಬಲಗಾಲನ್ನು ಶಕ್ತಿ ಮೀರಿ ಒತ್ತಿ ಹಿಡಿಯುತ್ತಿದ್ದೆ.

“ಹೆದ್ರುಕಾಗ ಮಾಣಿ. ದಡ ಎಲ್ಲಿಗೂ ಓಡಿ ಹೋಪ್ದಿಲ್ಲೆ” ಎನ್ನುತ್ತಿದ್ದರು ಕುಷ್ಟಣ್ಣ.

ದೋಣಿ ಪ್ರತಿ ಸಲವೂ ಕೆಸರಿಗೆ ಮೆಲ್ಲಗೆ ತಾಗಿ ನಿಲ್ಲುತ್ತಿತ್ತು. ನನ್ನ ಕಾಲಿನಿಂದಲೇ ನಿಂತಿತು ಎಂದು ನಾನು ನಂಬಿದ್ದೆ. ಅಜ್ಜಿಗೆ ಹಾಗೆಂದು ಹೇಳಿಯೂ ಇದ್ದೆ, ಅವಳು ಮೆಚ್ಚಿ ಎರಡು ಹಪ್ಪಳ ಹೆಚ್ಚಿಗೆ ಸುಟ್ಟುಕೊಟ್ಟಿದ್ದಳು. ಅವತ್ತಿನ ಜಂಬ ಹಾಗೆಯೇ ಬೆಳೆದು ದೊಡ್ಡದಾಯಿತೆಂದು ಕಾಣುತ್ತದೆ.

ಪರೀಕ್ಷೆಯ ದಿನ ಬಂತು. ಜಡಿಮಳೆ ಬಿಟ್ಟು ಬಿಸಿಲು ಬಿದ್ದಿತ್ತು, ಮೈದಾನದಲ್ಲಿ ಅಲ್ಲಲ್ಲಿ ನೀರು ನಿಂತಿತ್ತು. ಗಿರಿಜಾ ಇಂಜಿನ್ನು ಬಂದ್ ಮಾಡುವ ಚಾಳಿಯನ್ನು ಬಿಟ್ಟಿದ್ದಳು, ಆದರೆ ದೂರದಿಂದಲೇ ಎಕ್ಸಲರೇಟರಿನಿಂದ ಕಾಲೆತ್ತುವುದನ್ನು ಬಿಟ್ಟಿರಲಿಲ್ಲ. ಅಧಿಕಾರಿ ಚಿಕ್ಕ ಪ್ರಾಯದವರು, ಮೆತ್ತಗಿನ ಮಾತು. ಹಿಂದೆ ಕೂತು, ಎದುರಿನ ಬಿಳಿ ಗೆರೆಯ ಮೇಲೆ ಗಾಡಿ ನಿಲ್ಲಬೇಕು ಎಂದರು. ಅವಳು ಕಾಲೆತ್ತಿದಳು. ಕಾರು ನಿಧಾನವಾಗುತ್ತಾ ಗೆರೆಯ ಕಡೆಗೆ ಹೊರಟಿತು. ಇನ್ನೂ ಹತ್ತು ಮಾರು ಇತ್ತು, ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ನನ್ನ ಕಾಲು ತುಳಿಯಿತು. ನಾನು ತುಳಿದೆ ಎಂದು ಹೇಳಲೂ ಮನಸ್ಸಾಗುವುದಿಲ್ಲ, ಆದರೆ ತುಳಿದವನು ನಾನೇ. ಕಾರು ಮುಗ್ಗರಿಸಿ ಗೆರೆಗಿಂತ ಎಷ್ಟೋ ಹಿಂದೆ ನಿಂತಿತು, ಇಂಜಿನ್ನು ಸತ್ತಿತು.

ಅಧಿಕಾರಿ ಮುಂದಕ್ಕೆ ಬಗ್ಗಿ ನನ್ನ ಪಾದವನ್ನು ನೋಡಿದರು. ಬೂಟು ಇನ್ನೂ ಬ್ರೇಕಿನ ಮೇಲೆಯೇ ಇತ್ತು.

“ಲೈಸೆನ್ಸಿಗೆ ಅರ್ಜಿ ಹಾಕಿದ್ದು ಯಾರು? ಅವರೋ, ನೀವೋ?” ಎಂದು ಕೇಳಿದರು. ಗಿರಿಜಾಳ ಹೆಸರಿನ ಮುಂದೆ ಫೇಲ್ ಎಂದು ಬರೆದರು.

ವಾಪಸು ಬರುವಾಗ ಅವಳು ಹಿಂದಿನ ಸೀಟಿಗೆ ಹೋಗಿ ಕೂತಳು. ನಾನೇ ಏನೇನೋ ಗೊಣಗಿದೆ. ಮತ್ತೊಮ್ಮೆ ಹೋಗಬಹುದು, ಅವರು ಕಟ್ಟುನಿಟ್ಟಿನವರು, ಮುಂದಿನ ಸಲ ಯಾರಿಗೂ ತಿಳಿಯದ ಹಾಗೆ ಒತ್ತುತ್ತೇನೆ ಎಂದೂ ಹೇಳಿದೆ. ಅದನ್ನು ಹೇಳಿದ್ದು ದೊಡ್ಡ ತಪ್ಪು. ಕೇಂದ್ರದ ಮೆಟ್ಟಿಲ ಹತ್ತಿರ ಇಳಿದ ಮೇಲೆ ಅವಳು ಬಾಗಿಲು ಹಿಡಿದು ನಿಂತಳು.

“ಮಾಷ್ಟ್ರೆ, ನಿಮ್ಮ ಕಾಲಿಗೆ ಲೈಸೆನ್ಸ್ ಮೊದ್ಲೇ ಇತ್ತ್. ಬೇಕಾದ್ದ್ ನಂಗೆ. ನಾಳೆ ಹಾಲಾಡಿ ಇಳಿಜಾರಂಗೆ ನಾನೊಬ್ಳೇ ಹೋಪತಿಗೆ ನೀವ್ ಬತ್ರಿಯಾ ಒತ್ತುಕೆ?”

ಹನುಮವ್ವ ಮೆಟ್ಟಿಲ ಮೇಲೆ ಕೂತು ರಸ್ತೆ ಚಿಹ್ನೆಗಳ ಪುಸ್ತಕ ತಿರುವುತ್ತಿದ್ದಳು. ತಲೆಯೆತ್ತದೆ ತನ್ನ ಪಾಲಿನದನ್ನೂ ಸೇರಿಸಿದಳು. “ಖರೇ ಐತ್ರಿ ಸರ. ಬ್ರೇಕ್ ನೀವ ಹಿಡದ್ರ ನಾವೇನ್ ಕಲತಂಗಾತು?”

ಇಪ್ಪತ್ತೆರಡು ವರ್ಷದಲ್ಲಿ ಯಾರೂ ನನಗೆ ಹೀಗೆ ಹೇಳಿರಲಿಲ್ಲ. ಸಿಟ್ಟು ಬಂತು. ಬಸ್ ಸ್ಟ್ಯಾಂಡಿಗೆ ನಡೆದು ಹೋಗುತ್ತಾ ಇಬ್ಬರಿಗೂ ಕೊಡಬೇಕಾದ ಉತ್ತರಗಳನ್ನು ಜೋಡಿಸಿದೆ, ಒಂದೂ ನಿಲ್ಲಲಿಲ್ಲ. ಬಸ್ಸು ಹತ್ತಿ ಕೂತವನು ಎರಡು ಸ್ಟಾಪು ಮೊದಲೇ ಇಳಿದು ಮತ್ತೆ ನಡೆದೆ. ಸಿಟ್ಟು ಇಳಿದ ಮೇಲೆ ಉಳಿದದ್ದು ಭಯ. ಅವಳ ಕಲಿಕಾ ಲೈಸೆನ್ಸಿಗೆ ಇನ್ನು ಉಳಿದದ್ದು ಒಂದು ತಿಂಗಳು. ಅದೂ ಮುಗಿದರೆ ಮತ್ತೆ ಕಂಪ್ಯೂಟರ್ ಪರೀಕ್ಷೆಯಿಂದ ಶುರು, ಅಷ್ಟರಲ್ಲಿ ದೋಣಿಗಳು ಕಡಲಿಗೆ ಇಳಿದಿರುತ್ತವೆ, ಆ ಹೆಂಗಸರು ಡ್ರೈವರನ್ನು ಇಟ್ಟಿರುತ್ತಾರೆ. ಇದಕ್ಕೆಲ್ಲ ಕಾರಣ ನನ್ನ ಒಂದು ಪಾದ.

ಎರಡು ದಿನ ಅವಳು ಬರಲಿಲ್ಲ. ಆ ಎರಡು ದಿನ ನಾನು ಗೇಟಿನಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಗೇಟಿಗೆ ನಡೆದದ್ದನ್ನು ಉದ್ದಕ್ಕೆ ಹಿಡಿದಿದ್ದರೆ ಮರವಂತೆ ಮುಟ್ಟುತ್ತಿದ್ದೆ. ಮೂರನೆಯ ದಿನ ಬಂದಳು. ಬಂದವಳೇ ಕಾರಿನಲ್ಲಿ ಕೂತು ಒಂದು ಷರತ್ತು ಹಾಕಿದಳು.

“ಕಾಲ್ ಮೇಲ್ ಹಾಯ್ಕಂಡ್ ಕೂಕಣಿ ಮಾಷ್ಟ್ರೆ. ಊಟಕ್ ಕೂತಾಂಗೆ.”

ನನಗೆ ಅರವತ್ತಾರು. ಮಂಡಿ ಮಡಚಿ ನೆಲದ ಪಂಕ್ತಿಗೆ ಕೂತು ಎಷ್ಟೋ ಕಾಲವಾಗಿದೆ. ಆದರೂ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿದೆ. ಮೊದಲೆರಡು ದಿನ, ಜನರಿಲ್ಲದ ಮೈದಾನದಲ್ಲೇ ಆದರೂ, ಕಾಲು ಗಳಿಗೆಗೊಮ್ಮೆ ಕೆಳಗೆ ಜಾರುತ್ತಿತ್ತು. ಗಿರಿಜಾ ಹನುಮವ್ವನನ್ನು ಹಿಂದಿನ ಸೀಟಿನಲ್ಲಿ ಕಾವಲಿಗೆ ಇಟ್ಟಳು. ನನ್ನ ಮಂಡಿ ಅಲುಗಿದರೆ ಸಾಕು, ಹನುಮವ್ವ “ಸರ, ಕಾಲು” ಎನ್ನುತ್ತಿದ್ದಳು. ಶಾಲೆಯಲ್ಲಿ ನಾನು ಇಷ್ಟು ಬೈಸಿಕೊಂಡವನಲ್ಲ. ಎರಡನೆಯ ವಾರ ರಸ್ತೆಗೆ ಹೋದೆವು. ಮರವಂತೆಯಲ್ಲಿ ಎಡಕ್ಕೆ ಕಡಲು ರಸ್ತೆಯ ಮೇಲೆ ಹನಿ ಎರಚುತ್ತಿತ್ತು, ಬಲಕ್ಕೆ ಅವಳ ಹೊಳೆ ತುಂಬಿ ಹರಿಯುತ್ತಿತ್ತು. ನಾನು ಎದುರಿಗೆ ಬಂದ ಲಾರಿಯನ್ನು ನೋಡುತ್ತಿದ್ದೆ. ಅವಳು ಅದರ ಹಿಂದಿನ ಬಸ್ಸನ್ನು, ಬಸ್ಸಿನ ಆಚೆ ರಸ್ತೆ ದಾಟಲು ನಿಂತ ದನವನ್ನು ನೋಡಿ ಆಗಲೇ ಕಾಲೆತ್ತಿದ್ದಳು. ಒಳ್ಳೆಯ ಬ್ರೇಕು ಹಾಕುವುದನ್ನು ನಾನು ನೂರಾರು ಜನಕ್ಕೆ ಕಲಿಸಿದ್ದೆ, ದೂರ ನೋಡುವುದನ್ನು ಒಬ್ಬರಿಗೂ ಕಲಿಸಿರಲಿಲ್ಲ. ಇದು ಹೊಳೆದಾಗ ನನಗೆ ಅವಳ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಎರಡನೆಯ ಪರೀಕ್ಷೆಗೆ ಬಂದವರೂ ಅದೇ ಅಧಿಕಾರಿ. ಸೀಟಿನ ಮೇಲೆ ಪಂಕ್ತಿಯ ಊಟಕ್ಕೆ ಕೂತವನಂತಿದ್ದ ನನ್ನನ್ನು ಕಿಟಕಿಯಿಂದ ನೋಡಿದರು.

“ಕಾಲು ನೋವೇ?”

“ಹೌದು ಸಾರ್, ಹಳೆಯದು” ಎಂದೆ.

ಅವರು ತುಟಿ ಬಿಗಿಹಿಡಿದು ಹಿಂದೆ ಹೋಗಿ ಕೂತರು. ಕಾರು ಹೊರಟಿತು. ತಿರುವುಗಳು ಮುಗಿದವು, ಏರು ಮುಗಿಯಿತು, ಹಿಮ್ಮುಖ ಬಂದದ್ದೂ ಮುಗಿಯಿತು. ಕೊನೆಗೆ ಅದೇ ಬಿಳಿ ಗೆರೆ. ಅವಳು ದೂರದಲ್ಲೇ ಕಾಲೆತ್ತಿದಳು. ನನ್ನ ಮಡಚಿದ ಪಾದ ತೊಡೆಯ ಕೆಳಗೆ ಒದ್ದಾಡಿತು. ಎರಡೂ ಕೈಯಲ್ಲಿ ಕಾಲಿನ ಹೆಬ್ಬೆರಳು ಹಿಡಿದುಕೊಂಡು ಕಣ್ಣು ಮುಚ್ಚಿದೆ. ಕಾರು ತೇಲಿತು, ತೇಲಿತು, ಕೊನೆಯಲ್ಲಿ ಅವಳು ಬ್ರೇಕನ್ನು ತಾಗಿಸಿದ್ದಷ್ಟೇ ಗೊತ್ತಾಯಿತು. ಕಣ್ಣು ಬಿಟ್ಟಾಗ ಅಧಿಕಾರಿ ಬಾಗಿಲು ತೆರೆದು ಗಾಲಿಯನ್ನು ನೋಡುತ್ತಿದ್ದರು. ಗಾಲಿ ಗೆರೆಯ ಮೇಲಿತ್ತು. ನನಗೆ ಅಳು ಬಂತು, ಮಂಡಿ ನೋವೆಂದು ಹೇಳಿ ಕಣ್ಣೊರೆಸಿಕೊಂಡೆ.

ದೋಣಿಗಳು ಇಳಿದು ವಾರವಾದ ಮೇಲೆ ಒಂದು ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ಹಾರನ್ನು ಕೇಳಿಸಿತು. ಬಿಳಿಯ ಸಣ್ಣ ಗೂಡ್ಸ್ ಗಾಡಿ, ಹಿಂದೆ ಸಾಲಾಗಿ ಮೀನಿನ ಬುಟ್ಟಿಗಳು. ಉಳಿದ ನಾಲ್ವರು ಕೈಬೀಸಿಕೊಂಡು ಬಸ್ಸಿನಲ್ಲಿ ಹೋಗಿದ್ದಾರಂತೆ, ಬಾಗಿಲಲ್ಲಿ ಯಾರೂ ತಡೆಯಲಿಲ್ಲವಂತೆ.

“ಹ್ವಾಯ್ ಮಾಷ್ಟ್ರೆ, ಹಾಲಾಡಿ ತನ್ಕ ಬನ್ನಿ. ಕಲ್ಸಿದ್ದ್ ಹ್ಯಾಂಗಾಯ್ತ್ ಅಂದೇಳಿ ಕಾಣ್ಕಲ್ದಾ?”

ಹತ್ತಿ ಕೂತೆ. ಎಡಗಡೆ ಬ್ರೇಕು ಇರಲಿಲ್ಲ, ಕ್ಲಚ್ಚೂ ಇರಲಿಲ್ಲ, ಬರೀ ತಗಡು. ಮೊದಲ ತಿರುವಿನಲ್ಲೇ ನನ್ನ ಪಾದ ಅದರ ಮೇಲೆ ಢಣ್ ಎಂದಿತು. ಗಿರಿಜಾ ಗಾಡಿ ನಿಲ್ಲಿಸಿ, ಹಿಂದಿನಿಂದ ಒಂದು ಖಾಲಿ ಬಿದಿರಿನ ಬುಟ್ಟಿ ತಂದು ನನ್ನ ಕಾಲ ಬುಡದಲ್ಲಿಟ್ಟಳು.

“ಬಲಗಾಲ್ ಇದ್ರೊಳ್ಗ್ ಇಟ್ಕಣಿ. ತಗಡ್ ಹೊಸ್ತ್.”

ಮೀನಿನ ಬುಟ್ಟಿಯೊಳಗೆ ಒಂದು ಕಾಲು, ಹೊರಗೆ ಒಂದು ಕಾಲು, ಹಾಗೆ ನಾನು ಹಾಲಾಡಿಗೆ ಹೋದೆ. ದಾರಿಯಲ್ಲಿ ಏಳು ಸಲ ಒತ್ತಿದೆ. ಬುಟ್ಟಿ ಏಳು ಸಲವೂ ಕಿರ್ ಎಂದಿತು, ಗಾಡಿ ಏಳು ಸಲವೂ ಅದಕ್ಕೆ ಮೊದಲೇ ನಿಧಾನವಾಗಿತ್ತು. ಪೇಟೆಯ ಅಡ್ಡರಸ್ತೆಯಲ್ಲಿ ಒಂದು ಬಸ್ಸು ನುಗ್ಗಿ ಬಂದಾಗ ಎಂಟನೆಯ ಸಲ ಒತ್ತಲೆಂದು ಕಾಲೆತ್ತಿದೆ. ಆಮೇಲೆ ಯಾಕೋ ಅವಳ ಮುಖ ನೋಡಿದೆ. ಅವಳು ಬಸ್ಸನ್ನು ಎಂದೋ ನೋಡಿ ಮುಗಿಸಿ, ಆಚೆ ನೆರಳಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಿದ್ದಳು. ಎತ್ತಿದ ಕಾಲನ್ನು ಮೆಲ್ಲಗೆ ಬುಟ್ಟಿಯೊಳಗೆ ಇಟ್ಟೆ.

ಮನೆಗೆ ಬಂದಾಗ ಸುಮತಿ ಮೂಗು ಮುಚ್ಚಿಕೊಂಡು ನನ್ನನ್ನು ಬಾವಿಕಟ್ಟೆಗೆ ಅಟ್ಟಿದಳು. ಎರಡು ಸಲ ಸೋಪು ಹಾಕಿದರೂ ಬಲಗಾಲಿನ ವಾಸನೆ ಹೋಗಲಿಲ್ಲ.

ಮರುದಿನ ಪೇಪರು ಬಂದಾಗ ಎಂದಿನಂತೆ ಒಳಪುಟವನ್ನೇ ಮೊದಲು ತೆರೆದೆ. ಈ ಚಾಳಿ ಇನ್ನು ನನ್ನನ್ನು ಬಿಡುವುದಿಲ್ಲ. ಊರು ನೋಡಿದೆ, ಹೆಸರುಗಳನ್ನು ನೋಡಿದೆ, ಒಬ್ಬೊಬ್ಬರನ್ನೇ ನೆನೆಸಿಕೊಂಡು ಹುಡುಕಿದೆ. ಗಿರಿಜಾಳ ಹೆಸರನ್ನು ಮಾತ್ರ ಹುಡುಕಲಿಲ್ಲ.